ಕಿಟಕಿ ಪಕ್ಕದ ತೊಟ್ಟಿ: ರೊನಾಲ್ಡ್ ರಾಸ್‌ಗೆ ಬೆಂಗಳೂರು ಕಲಿಸಿದ್ದು, ಬೆಂಗಳೂರು ಕಲಿಯದೇ ಉಳಿದಿದ್ದು

ಮಳೆಗಾಲ ಶುರುವಾದರೆ ಕೆ.ಆರ್. ಪುರಂನ ನಮ್ಮ ರಸ್ತೆಗೆ ಹೊಗೆ ಮೆಷಿನ್ ಬರುತ್ತೆ. ಭುಜಕ್ಕೆ ನೇತುಹಾಕಿಕೊಂಡ ಆ ಯಂತ್ರ ಡರ್ರ್ ಅಂತ ಸದ್ದು ಮಾಡ್ತಾ ಬಿಳಿ ಹೊಗೆ ಉಗುಳುತ್ತೆ. ಮಕ್ಕಳು ಹಿಂದೆ ಓಡ್ತಾರೆ. ದೊಡ್ಡವರು ಕಿಟಕಿ ಮುಚ್ಚಿಕೊಂಡು, ಸದ್ಯ ಏನೋ ಒಂದು ಮಾಡಿದ್ರಲ್ಲ ಅಂತ ಸಮಾಧಾನ ಪಟ್ಟುಕೊಳ್ತಾರೆ. ಹತ್ತು ನಿಮಿಷದಲ್ಲಿ ಹೊಗೆ ಕರಗುತ್ತೆ. ಮನೆ ಮನೆ ಮುಂದೆ ಇರುವ ನೀಲಿ ಡ್ರಮ್ಮುಗಳು ಮಾತ್ರ ಹಾಗೇ ಇರುತ್ವೆ, ಟ್ಯಾಂಕರ್ ನೀರು ತುಂಬಿಕೊಂಡು, ಮುಚ್ಚಳ ಅರ್ಧ ತೆರೆದುಕೊಂಡು.

ಆ ಹೊಗೆ ನೋಡಿದಾಗೆಲ್ಲ ನನಗೆ ನೆನಪಾಗುವುದು 1883ರಲ್ಲಿ ಇದೇ ಊರಿನ ಕಂಟೋನ್ಮೆಂಟ್‌ಗೆ ಬಂದಿದ್ದ 26 ವರ್ಷದ ಒಬ್ಬ ಮಿಲಿಟರಿ ಡಾಕ್ಟರ್, ರೊನಾಲ್ಡ್ ರಾಸ್. ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ತೋರಿಸಿ ನೊಬೆಲ್ ಪಡೆದವನು ಅಂತ ಶಾಲೆಯಲ್ಲಿ ಒಂದು ಸಾಲು ಓದಿರ್ತೀವಿ. ಆ ಸಾಲಿನಲ್ಲಿ ಸಿಕಂದರಾಬಾದ್ ಇರುತ್ತೆ, ಕಲ್ಕತ್ತಾ ಇರುತ್ತೆ. ಬೆಂಗಳೂರು ಇರಲ್ಲ. ಯಾಕಂದ್ರೆ ಬೆಂಗಳೂರಲ್ಲಿ ಆತ ಗೆಲ್ಲಲಿಲ್ಲ. ಇಲ್ಲಿ ಆತ ಮಾಡಿದ್ದು ಒಂದು ತೊಟ್ಟಿ ಮಗುಚಿದ್ದು, ಒಂದಷ್ಟು ವರ್ಷ ತಪ್ಪು ತಿಳಿದುಕೊಂಡಿದ್ದು, ಬೌರಿಂಗ್ ಆಸ್ಪತ್ರೆಯಲ್ಲಿ ಒಂದು ಪ್ರಯೋಗ ಸೋತಿದ್ದು. ವಿಜ್ಞಾನ ಅಂದ್ರೆ ಏನು ಅಂತ ತಿಳಿಯೋಕೆ ಆ ನೊಬೆಲ್‌ಗಿಂತ ಈ ಮೂರೇ ಹೆಚ್ಚು ಉಪಯೋಗಕ್ಕೆ ಬರುತ್ವೆ ಅಂತ ನನಗನ್ನಿಸುತ್ತೆ.

ಒಳ್ಳೆ ಗಾಳಿಗಾಗಿ ಕಟ್ಟಿದ ಊರು

ಮೊದಲು ಆತ ಬಂದ ಜಾಗ ಎಂಥದ್ದು ಅಂತ ನೋಡೋಣ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಯುದ್ಧ ಮುಗಿದಿದ್ದರೂ ಸೈನಿಕರ ಸಾವು ನಿಲ್ಲಲಿಲ್ಲ. ಚಳಿಜ್ವರ. ನದಿ, ನಾಲೆ, ಗದ್ದೆಗಳ ನಡುವಿನ ಆ ದ್ವೀಪದ ಗಾಳಿಯೇ ಕೆಟ್ಟದ್ದು ಅಂತ ತೀರ್ಮಾನ ಮಾಡಿದರು. 1809ರ ಹೊತ್ತಿಗೆ ಪಡೆಯನ್ನು ಎತ್ತಿಕೊಂಡು ಬಂದು ಹಲಸೂರಿನ ಪಕ್ಕದ ಎತ್ತರದ ಬಯಲಲ್ಲಿ ಇಳಿಸಿದರು. ಇವತ್ತು ನಾವು ಶಿವಾಜಿನಗರ, ಹಲಸೂರು, ಎಂ.ಜಿ. ರಸ್ತೆ ಅಂತೆಲ್ಲ ಕರೆಯುವ ಕಂಟೋನ್ಮೆಂಟ್ ಹುಟ್ಟಿದ್ದು ಹೀಗೆ.

ಇದು ಬರೀ ಮಿಲಿಟರಿ ಲೆಕ್ಕಾಚಾರ ಅಲ್ಲ. ಇದರ ಹಿಂದೆ ಸಾವಿರಾರು ವರ್ಷದ ಒಂದು ನಂಬಿಕೆ ಇತ್ತು. ಪುರಾತನ ಗ್ರೀಕ್ ವೈದ್ಯರಿಂದ ಮಧ್ಯಯುಗದ ಯುರೋಪಿನವರೆಗೆ ಎಲ್ಲರೂ ಒಪ್ಪಿದ್ದ ಮಾತು: ದೇಹದೊಳಗೆ ನಾಲ್ಕು ದ್ರವಗಳಿವೆ, ಅವುಗಳ ಸಮತೋಲ ತಪ್ಪಿದರೆ ಕಾಯಿಲೆ, ಜೌಗುನೆಲದಿಂದ, ಕೊಳೆತ ಪದಾರ್ಥದಿಂದ ಏಳುವ ವಿಷದ ಗಾಳಿ ಆ ಸಮತೋಲವನ್ನು ಕೆಡಿಸುತ್ತೆ. ಮಲೇರಿಯಾ ಅನ್ನೋ ಪದದ ಅರ್ಥವೇ ಅದು. ಇಟಾಲಿಯನ್ ಭಾಷೆಯಲ್ಲಿ ಮಾಲಾ ಆರಿಯಾ ಅಂದರೆ ಕೆಟ್ಟ ಗಾಳಿ.

ಕಂಟೋನ್ಮೆಂಟ್‌ನ ಹಳೇ ಕಟ್ಟಡಗಳನ್ನು ನೋಡಿ. ದೊಡ್ಡ ಕಾಂಪೌಂಡು, ಎತ್ತರದ ಚಾವಣಿ, ಮೇಲೆಲ್ಲ ಗಾಳಿಕಿಂಡಿ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ 1868ರಲ್ಲಿ ಶುರುವಾದಾಗ ಅದಕ್ಕೆ ಮಾದರಿ ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆ. ವಾರ್ಡುಗಳನ್ನು ಬೇರೆ ಬೇರೆ ಸಾಲುಗಳಾಗಿ ಬಿಡಿಸಿ, ನಡುವೆ ಜಾಗ ಬಿಟ್ಟು, ಗಾಳಿ ಆಡುವಂತೆ ಕಟ್ಟುವ ಶೈಲಿ ಅದು. ಅಂದರೆ ಕೆಟ್ಟ ಗಾಳಿಯ ಸಿದ್ಧಾಂತವನ್ನೇ ಇಟ್ಟಿಗೆ ಗಾರೆಯಲ್ಲಿ ಕಟ್ಟಿದ ಆಸ್ಪತ್ರೆ.

ಈ ಸಿದ್ಧಾಂತ ನಂಬಿದವರು ದಡ್ಡರಾಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಜೌಗಿನ ಹತ್ತಿರ ಜ್ವರ ಜಾಸ್ತಿ ಅಂತ ಅವರು ಕಂಡಿದ್ದು ನಿಜ. ಎತ್ತರಕ್ಕೆ ಹೋದರೆ ಜ್ವರ ಕಮ್ಮಿ ಅನ್ನೋದೂ ನಿಜ. ಕಂಡಿದ್ದು ಸರಿ, ಕಾರಣ ತಪ್ಪು. ಆದರೆ ಕಾರಣ ತಪ್ಪಿದ್ದರೆ ಪರಿಹಾರವೂ ಒಂದು ಹಂತದಲ್ಲಿ ನಿಂತುಹೋಗುತ್ತೆ. ಗಾಳಿಯೇ ಕೆಟ್ಟದ್ದು ಅಂದಾಗ ಉಳಿಯುವ ದಾರಿ ಒಂದೇ: ದುಡ್ಡಿದ್ದವರು, ಅಧಿಕಾರ ಇದ್ದವರು ಬೇರೆ ಗಾಳಿ ಇರುವ ಕಡೆ ಹೋಗೋದು. ಪೇಟೆ ಒಂದು ಕಡೆ, ಕಂಟೋನ್ಮೆಂಟ್ ಇನ್ನೊಂದು ಕಡೆ.

ಮಗುಚಿದ ತೊಟ್ಟಿ

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದು ಆಗಿನ್ನೂ ಮೂರು ದಿನ. ಅಪ್ಪ ಸೇನಾಧಿಕಾರಿ. ಹುಡುಗನಿಗೆ ಕವಿಯಾಗೋ, ಚಿತ್ರಕಾರನಾಗೋ ಆಸೆ. ಅಪ್ಪ ಒಪ್ಪದೆ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಗೆ ವೈದ್ಯಕೀಯ ಓದೋಕೆ ಹಾಕಿದರು. ಮನೆಯವರ ಒತ್ತಾಯಕ್ಕೆ ಎಂಜಿನಿಯರಿಂಗ್ ಸೇರಿದ ನನ್ನಂಥವರಿಗೆ ಈ ಕತೆ ಅರ್ಥ ಮಾಡಿಸಬೇಕಾಗಿಲ್ಲ. ಆತ ಹೇಗೋ ಪಾಸಾಗಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ. ಕೆಲಸಕ್ಕಿಂತ ಕವಿತೆ, ಕಾದಂಬರಿ, ಗಣಿತ ಇವುಗಳಲ್ಲೇ ಮನಸ್ಸು.

1883ರಲ್ಲಿ ಬೆಂಗಳೂರಿಗೆ ವರ್ಗ ಆಯ್ತು. ಇದ್ದ ಬಂಗಲೆ ಚೆನ್ನಾಗಿತ್ತು, ಆದರೆ ಆತನ ಕೋಣೆಯಲ್ಲಿ ವಿಪರೀತ ಸೊಳ್ಳೆ. ಬೇರೆ ಕೋಣೆಗಳಿಗಿಂತ ಇಲ್ಲೇ ಯಾಕೆ ಜಾಸ್ತಿ ಅಂತ ಹುಡುಕಿದ. ಕಿಟಕಿಯ ಹೊರಗೆ ನೀರಿನ ತೊಟ್ಟಿ ಒಂದಿತ್ತು. ಬಗ್ಗಿ ನೋಡಿದರೆ ನೀರಿನ ತುಂಬ ಸೊಳ್ಳೆ ಮರಿಗಳು ತೇಲಾಡುತ್ತಿವೆ. ತೊಟ್ಟಿ ಮಗುಚಿದ. ಕೋಣೆಯಲ್ಲಿ ಸೊಳ್ಳೆ ಕಮ್ಮಿಯಾದವು. ಅಷ್ಟೇ.

ಖುಷಿಯಲ್ಲಿ ರೆಜಿಮೆಂಟಿನ ಅಡ್ಜುಟೆಂಟ್ ಹತ್ತಿರ ಹೋಗಿ, ಮೆಸ್ಸಿನ ಸುತ್ತ ಇರುವ ಇಂಥ ತೊಟ್ಟಿಗಳನ್ನೆಲ್ಲ ಖಾಲಿ ಮಾಡಿಸೋಣ ಅಂದ. ಆ ಅಧಿಕಾರಿ ಸುತರಾಂ ಒಪ್ಪಲಿಲ್ಲ. ಆತನ ವಾದದ ಸಾರ ಇಷ್ಟು: ಹಾಗೆ ಮಾಡಿದರೆ ಪ್ರಕೃತಿಯ ವ್ಯವಸ್ಥೆ ಕೆಡುತ್ತೆ, ಸೊಳ್ಳೆಗಳನ್ನು ಸೃಷ್ಟಿಸಿದ್ದರಲ್ಲಿ ಏನೋ ಒಂದು ಉದ್ದೇಶ ಇರಲೇಬೇಕು, ಸಹಿಸಿಕೊಳ್ಳೋದು ನಮ್ಮ ಕರ್ತವ್ಯ.

ಈ ಘಟನೆ ರಾಸ್ ವಯಸ್ಸಾದ ಮೇಲೆ ಬರೆದ ನೆನಪುಗಳಲ್ಲಿದೆ. ಮಧ್ಯಯುಗದ ಪ್ರಕೃತಿಕಲ್ಪನೆ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳ್ತೀನಿ. ಲೋಕದಲ್ಲಿ ಇರುವ ಪ್ರತಿಯೊಂದಕ್ಕೂ ಮೇಲಿನವನು ಇಟ್ಟ ಒಂದು ಜಾಗ ಇದೆ, ಒಂದು ಉದ್ದೇಶ ಇದೆ. ಯಾಕೆ ಅಂತ ಕೇಳಬಹುದು, ಉತ್ತರ ಮೊದಲೇ ಸಿದ್ಧವಾಗಿರುತ್ತೆ. ಹೇಗೆ ಅಂತ ಕೇಳುವಂತಿಲ್ಲ. ನಮ್ಮ ಕಡೆ ಊರಿಗೆ ಮಾರಿ ಬಂದರೆ ಅಮ್ಮ ಮುನಿದಿದ್ದಾಳೆ ಅಂತಿದ್ದರು. ಇಂಗ್ಲಿಷ್ ಕಲಿತ, ಬಂದೂಕು ಹಿಡಿದ, ರೈಲಿನಲ್ಲಿ ಓಡಾಡುವ ಬಿಳಿ ಅಧಿಕಾರಿಯೂ ಸೊಳ್ಳೆ ವಿಷಯದಲ್ಲಿ ಅಷ್ಟೇ ದೂರದಲ್ಲಿದ್ದ. ವಿಜ್ಞಾನ ಪಶ್ಚಿಮದ್ದು, ಮೌಢ್ಯ ನಮ್ಮದು ಅನ್ನೋ ಸರಳ ಕತೆಯನ್ನು ಆ ಒಬ್ಬ ಅಡ್ಜುಟೆಂಟ್ ಹಾಳುಮಾಡ್ತಾನೆ.

ತಪ್ಪಿನ ವರ್ಷಗಳು

ಹಾಗಾದರೆ ತೊಟ್ಟಿ ಮಗುಚಿದ ದಿನವೇ ರಾಸ್‌ಗೆ ಜ್ಞಾನೋದಯ ಆಯ್ತಾ? ಇಲ್ಲ. ಸೊಳ್ಳೆಗೂ ಮಲೇರಿಯಾಗೂ ಸಂಬಂಧ ಇದೆ ಅನ್ನೋದು ಆತನಿಗೆ ಹೊಳೆಯಲೇ ಇಲ್ಲ.

1880ರಲ್ಲೇ ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಮಲೇರಿಯಾ ರೋಗಿಯ ರಕ್ತದಲ್ಲಿ ಪರಾವಲಂಬಿ ಜೀವಿಯೊಂದನ್ನು ಕಂಡಿದ್ದ. ರಾಸ್ 1888–89ರ ರಜೆಯಲ್ಲಿ ಲಂಡನ್‌ಗೆ ಹೋಗಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಮಾಡಿ, ಬ್ಯಾಕ್ಟೀರಿಯಾಲಜಿ ಕಲಿತು, ರೋಸಾ ಬ್ಲಾಕ್ಸಮ್‌ಳನ್ನು ಮದುವೆಯಾಗಿ ಮತ್ತೆ ಬೆಂಗಳೂರಿಗೆ ಬಂದ. ಬಂದ ಮೇಲೂ ರಕ್ತದಲ್ಲಿ ಲಾವೆರಾನ್ ಹೇಳಿದ್ದು ಆತನಿಗೆ ಕಾಣಿಸಲಿಲ್ಲ. ಕಾಣಿಸದ್ದಕ್ಕೆ ಅದು ಇಲ್ಲವೇ ಇಲ್ಲ ಅಂತ ವಾದಿಸಿ ಲೇಖನ ಬರೆದ. ಮಲೇರಿಯಾ ಅನ್ನೋದು ಕರುಳಿನಲ್ಲಿ ಹುಟ್ಟುವ ವಿಷದಿಂದ ಬರುತ್ತೆ ಅನ್ನೋದು ಆಗ ಆತನ ಸಿದ್ಧಾಂತ. ಮುಂದೆ ಮಲೇರಿಯಾಗೆ ನೊಬೆಲ್ ಪಡೆದವನು ಮೊದಲು ಮಲೇರಿಯಾ ಪರಾವಲಂಬಿಯನ್ನೇ ನಂಬದವನಾಗಿದ್ದ.

1894ರಲ್ಲಿ ಮತ್ತೆ ರಜೆ, ಮತ್ತೆ ಲಂಡನ್. ಅಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅನ್ನೋ ವೈದ್ಯ ಮೈಕ್ರೋಸ್ಕೋಪ್ ಕೆಳಗೆ ಒಂದು ಹನಿ ರಕ್ತ ಇಟ್ಟು ಆ ಜೀವಿಯನ್ನು ತೋರಿಸಿದ. ರಾಸ್ ನೋಡಿದ, ತನ್ನ ಸಿದ್ಧಾಂತ ಕೈಬಿಟ್ಟ. ಅಚ್ಚಾಗಿದ್ದ ತನ್ನದೇ ಲೇಖನಗಳಿಗೆ ವಿರುದ್ಧವಾಗಿ ನಿಂತ. ತಪ್ಪು ಎಲ್ಲರೂ ಮಾಡ್ತಾರೆ. ಕಣ್ಣೆದುರು ಸಾಕ್ಷಿ ಬಂದಾಗ ತನ್ನ ಮಾತು ವಾಪಸ್ ತಗೊಳ್ಳೋದು ಎಷ್ಟು ಕಷ್ಟ ಅಂತ ಟ್ವಿಟರ್‌ನಲ್ಲಿ ಒಂದು ವಾರ ಜಗಳ ಆಡಿದವರಿಗೆ ಗೊತ್ತು.

ಮ್ಯಾನ್ಸನ್ ಒಂದು ಊಹೆಯನ್ನೂ ಕೊಟ್ಟ: ಸೊಳ್ಳೆ ರೋಗಿಯ ರಕ್ತ ಹೀರುತ್ತೆ, ನೀರಿನಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತೆ, ಆ ನೀರು ಕುಡಿದವರಿಗೆ ಮಲೇರಿಯಾ ಬರುತ್ತೆ. ಅರ್ಧ ಸರಿ, ಅರ್ಧ ತಪ್ಪು. 1895ರಲ್ಲಿ ಸಿಕಂದರಾಬಾದಿಗೆ ಮರಳಿದ ರಾಸ್ ಇದನ್ನು ಪರೀಕ್ಷಿಸಲು ಸೊಳ್ಳೆ ಸತ್ತ ನೀರನ್ನು ಜನರಿಗೆ ದುಡ್ಡು ಕೊಟ್ಟು ಕುಡಿಸಿದ. ಲಕ್ಷ್ಮಣ ಅನ್ನೋ ಯುವಕನಿಗೆ ಕೆಲವು ದಿನ ಜ್ವರ ಬಂತು, ಆದರೆ ರಕ್ತದಲ್ಲಿ ಪರಾವಲಂಬಿ ಇರಲಿಲ್ಲ. ಮತ್ತೆ ಮಾಡಿದಾಗ ಫಲ ಸಿಗಲಿಲ್ಲ. ವಸಾಹತು ಕಾಲದ ವಿಜ್ಞಾನ ಯಾರ ಮೈಮೇಲೆ ನಡೆಯಿತು ಅನ್ನೋ ಪ್ರಶ್ನೆಯನ್ನು ಇಲ್ಲಿ ಮರೆಮಾಚಬಾರದು. ಬಡವನ ದೇಹ ಅಗ್ಗವಾಗಿತ್ತು.

ಬೌರಿಂಗ್‌ನಲ್ಲಿ ಸೋಲು

1895ರ ಸೆಪ್ಟೆಂಬರ್‌ನಲ್ಲಿ ಕಂಟೋನ್ಮೆಂಟ್‌ನಲ್ಲಿ ಕಾಲರಾ ಎದ್ದಿತ್ತು. ಅದನ್ನು ನಿಭಾಯಿಸಲು ರಾಸ್‌ನನ್ನು ಬೆಂಗಳೂರಿಗೆ ಕಳಿಸಿದರು. ಆಗ ಈ ಪ್ರದೇಶ ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರದ, ಬ್ರಿಟಿಷ್ ರೆಸಿಡೆಂಟ್ ಕೈಯಲ್ಲಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಕಾಲರಾ ವಿಷಯದಲ್ಲಿ ಗಾಳಿಯ ಸಿದ್ಧಾಂತ ಅಷ್ಟೊತ್ತಿಗೆ ಸೋತಿತ್ತು. ಲಂಡನ್ನಿನಲ್ಲಿ ಜಾನ್ ಸ್ನೋ 1854ರಲ್ಲೇ ಸಾವುಗಳನ್ನು ನಕ್ಷೆ ಮೇಲೆ ಗುರುತಿಸಿ ಒಂದು ಬೀದಿ ಪಂಪಿನತ್ತ ಬೆರಳು ತೋರಿಸಿದ್ದ. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತಾದಲ್ಲಿ ಕಾಲರಾ ರೋಗಾಣುವನ್ನು ಖಚಿತಪಡಿಸಿದ್ದ. ಕಾಯಿಲೆ ಬರೋದು ನೀರಿನಿಂದ. ನೀರು ಅಂದಮೇಲೆ ಬಾವಿ, ಚರಂಡಿ, ಮುನಿಸಿಪಾಲಿಟಿ, ಬಜೆಟ್ಟು. 1896ರಲ್ಲಿ ರಾಸ್ ಬರೆದ ವರದಿಯ ಶೀರ್ಷಿಕೆಯೇ ಕಾಲರಾಕ್ಕೆ ನಿಲ್ಲಲ್ಲ. ಬೆಂಗಳೂರು ಸ್ಟೇಷನ್ನಿನ ನೈರ್ಮಲ್ಯ, ನೈರ್ಮಲ್ಯ ಇಲಾಖೆ, ಅದರ ನಿಯಮಗಳು ಎಲ್ಲವೂ ಅದರಲ್ಲಿ ಸೇರಿವೆ. ಕಾರಣ ಗಾಳಿಯಿಂದ ನೀರಿಗೆ ಬಂದ ಕೂಡಲೇ ಜವಾಬ್ದಾರಿ ದೇವರ ಕೈಯಿಂದ ಇಲಾಖೆ ಕೈಗೆ ಬಂತು.

ಬಿಡುವಿನಲ್ಲಿ ಮಲೇರಿಯಾ ಕೆಲಸ ನಡೀತಿತ್ತು. ಬೌರಿಂಗ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನ್ ಒಬ್ಬರು ಇದಕ್ಕೆ ಮೈ ಕೊಟ್ಟರು. ಇಂಗ್ಲಿಷ್ ದಾಖಲೆಯಲ್ಲಿ ಅವರ ಹೆಸರು ಅಪಿಯಾ. ನಮ್ಮ ಬಾಯಲ್ಲಿ ಅದು ಅಪ್ಪಯ್ಯ ಇರಬೇಕು. ಮಲೇರಿಯಾ ರೋಗಿಯ ರಕ್ತ ಹೀರಿದ ಸೊಳ್ಳೆಗಳಿಂದ ಇವರು ಕಚ್ಚಿಸಿಕೊಂಡರು. ಕಾದರು. ಜ್ವರ ಬರಲಿಲ್ಲ.

ಪ್ರಯೋಗ ಸೋತಿತು. ಯಾಕೆ ಅಂತ ಈಗ ನಮಗೆ ಗೊತ್ತು: ಕಚ್ಚಿದ್ದು ಬೇರೆ ಜಾತಿಯ ಸೊಳ್ಳೆ. ಮನೆಯಲ್ಲಿ ಸುಲಭವಾಗಿ ಸಿಗುವ ಬೂದು ಸೊಳ್ಳೆ, ಪಟ್ಟೆ ಸೊಳ್ಳೆಗಳಲ್ಲಿ ಮನುಷ್ಯರ ಮಲೇರಿಯಾ ಬೆಳೆಯಲ್ಲ. ಆಗ ಸೊಳ್ಳೆಗಳಲ್ಲಿ ಇಷ್ಟೊಂದು ಜಾತಿ ಇವೆ, ಅದು ಮುಖ್ಯ ಅನ್ನೋದೇ ರಾಸ್‌ಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಸೋಲಿನಿಂದ ಪ್ರಶ್ನೆ ಬದಲಾಯ್ತು. ಸೊಳ್ಳೆ ಮಲೇರಿಯಾ ತರುತ್ತಾ ಅನ್ನೋದು ಹೋಗಿ, ಯಾವ ಸೊಳ್ಳೆ ಅನ್ನೋದು ಬಂತು. ಆ ಎರಡನೇ ಪ್ರಶ್ನೆಯೇ ಬಾಗಿಲು ತೆಗೆದಿದ್ದು. ಬೌರಿಂಗ್ ಮುಂದೆ ಹೋಗುವಾಗೆಲ್ಲ ನನಗೆ ರಾಸ್‌ಗಿಂತ ಅಪ್ಪಯ್ಯನವರೇ ಹೆಚ್ಚು ನೆನಪಾಗ್ತಾರೆ. ಜ್ವರ ಬಂದಿದ್ದರೆ ಅವರ ಹೆಸರು ಪಠ್ಯಪುಸ್ತಕದಲ್ಲಿ ಇರ್ತಿತ್ತೋ ಏನೋ.

ಚುಕ್ಕೆ ರೆಕ್ಕೆಯ ಸೊಳ್ಳೆ

1897ರಲ್ಲಿ ಊಟಿಯ ಕಡೆ ಸಿಗೂರು ಘಾಟಿಗೆ ಹೋದ ರಾಸ್‌ಗೆ ಸ್ವತಃ ಮಲೇರಿಯಾ ಹಿಡೀತು. ಚೇತರಿಸಿಕೊಂಡು ಸಿಕಂದರಾಬಾದಿಗೆ ಮರಳಿದ. ಬಿಸಿಲು, ಸೆಕೆ. ಕೊಯ್ದ ಸೊಳ್ಳೆ ಹಾರಿಹೋಗುತ್ತೆ ಅಂತ ಪಂಖ ಹಾಕುವಂತಿಲ್ಲ. ಬೆವರು ಬಿದ್ದು ಮೈಕ್ರೋಸ್ಕೋಪಿನ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಆಗಸ್ಟ್‌ನಲ್ಲಿ ರೆಕ್ಕೆ ಮೇಲೆ ಚುಕ್ಕೆಗಳಿರುವ ಕಂದು ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಅನ್ನೋ ರೋಗಿಯ ರಕ್ತವನ್ನು ಅವಕ್ಕೆ ಕುಡಿಸಿದ. ಕಚ್ಚಿದ ಸೊಳ್ಳೆ ಒಂದಕ್ಕೆ ಒಂದಾಣೆ ಕೊಟ್ಟ. ಆಗಸ್ಟ್ 20ರಂದು ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಅಲ್ಲಿರಬಾರದ ದುಂಡನೆಯ ಕೋಶ ಕಂಡಿತು, ಅದರೊಳಗೆ ಮಲೇರಿಯಾ ಪರಾವಲಂಬಿಯಲ್ಲಿ ಇರುವಂಥದೇ ಕಪ್ಪು ಬಣ್ಣದ ಕಣಗಳು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅದೇ ಕೋಶ ಇನ್ನಷ್ಟು ದೊಡ್ಡದಾಗಿತ್ತು. ಅಂದರೆ ಅದು ಬೆಳೀತಿದೆ. ಆ ಸೊಳ್ಳೆಯನ್ನು ಇವತ್ತು ಅನಾಫಿಲಿಸ್ ಅಂತೀವಿ.

ಸರ್ಕಾರ ಆತನನ್ನು ರಾಜಪುತಾನಾಕ್ಕೆ ವರ್ಗ ಮಾಡಿತು. ಮ್ಯಾನ್ಸನ್ ಒತ್ತಡ ತಂದ ಮೇಲೆ ಕಲ್ಕತ್ತಾದಲ್ಲಿ ಸಂಶೋಧನೆಗೆ ಅವಕಾಶ ಸಿಕ್ಕಿತು. ಅಲ್ಲಿ ಮಹಮ್ಮದ್ ಬಕ್ಸ್ ಅನ್ನೋ ಸಹಾಯಕನ ಜತೆ ಹಕ್ಕಿಗಳ ಮಲೇರಿಯಾ ಮೇಲೆ ಕೆಲಸ ಮಾಡಿ, 1898ರ ಜುಲೈನಲ್ಲಿ ಪರಾವಲಂಬಿ ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ತಲುಪೋದನ್ನು ಕಂಡ. ಅಲ್ಲಿಂದ ಕಚ್ಚಿದವರ ರಕ್ತಕ್ಕೆ. ಗಾಳಿಯೂ ಅಲ್ಲ, ಕುಡಿಯುವ ನೀರೂ ಅಲ್ಲ, ಕಡಿತ. ಅದೇ ವರ್ಷದ ಕೊನೆಗೆ ಇಟಲಿಯಲ್ಲಿ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾದಲ್ಲೂ ಇದೇ ನಡೆಯುತ್ತೆ ಅಂತ ತೋರಿಸಿದರು. 1902ರ ನೊಬೆಲ್ ರಾಸ್ ಒಬ್ಬನಿಗೇ ಬಂತು. ಯಾರು ಮೊದಲು ಅನ್ನೋ ಜಗಳವನ್ನು ಆತ ಬದುಕಿನುದ್ದಕ್ಕೂ ಕಹಿಯಾಗಿ ಆಡಿದ. 1932ರಲ್ಲಿ ತೀರಿಕೊಂಡ. ದೊಡ್ಡ ಮನಸ್ಸಿನವನು ಅಂತ ಹೇಳೋಕೆ ಬರಲ್ಲ.

ಎಲ್ಲ ಸೊಳ್ಳೆ ಕೊಲ್ಲಬೇಕಾಗಿಲ್ಲ

ರಾಸ್‌ನ ಅತ್ಯಂತ ಮುಖ್ಯ ಕೆಲಸ ನೊಬೆಲ್ ಆದ ಮೇಲಿನದು ಅಂತ ನನ್ನ ಅಭಿಪ್ರಾಯ. ಇರೋ ಸೊಳ್ಳೆಗಳನ್ನೆಲ್ಲ ಸಾಯಿಸೋಕಾಗುತ್ತಾ ಅಂತ ಜನ ನಗ್ತಿದ್ರು. ಆತ ಗಣಿತಕ್ಕೆ ಮರಳಿದ. ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಕಡಿಮೆ ಜನಕ್ಕೆ ಕಾಯಿಲೆ ಹರಡಿದರೆ ಅದು ತಾನಾಗಿಯೇ ಕ್ಷೀಣಿಸುತ್ತೆ. ಹಾಗಾಗಿ ಸೊಳ್ಳೆಗಳ ಸಂಖ್ಯೆಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಟ್ಟರೆ ಸಾಕು. ಮಾರಿಷಸ್ ಬಗ್ಗೆ ಬರೆದ 1908ರ ವರದಿಯಲ್ಲಿ, 1910ರ ಪುಸ್ತಕದಲ್ಲಿ ಇದನ್ನು ಸಮೀಕರಣಗಳಲ್ಲಿ ಇಟ್ಟ. ಕೋವಿಡ್ ಕಾಲದಲ್ಲಿ ದಿನಾ ಕೇಳ್ತಿದ್ದ ಆರ್ ಅನ್ನೋ ಸಂಖ್ಯೆಯ ಹಿರಿಯರಲ್ಲಿ ಇದೂ ಒಂದು.

ಇದರ ರಾಜಕೀಯ ಅರ್ಥ ದೊಡ್ಡದು. ಕಾಯಿಲೆ ಇನ್ನು ವಿಧಿಯೂ ಅಲ್ಲ, ಹವೆಯೂ ಅಲ್ಲ. ಎಷ್ಟು ಖರ್ಚು ಮಾಡಿದರೆ ಎಷ್ಟು ಜನ ಉಳೀತಾರೆ ಅನ್ನೋ ಲೆಕ್ಕ. ಲಾಹೋರ್ ಬಳಿಯ ಮಿಯಾನ್ ಮೀರ್ ಕಂಟೋನ್ಮೆಂಟ್‌ನಲ್ಲಿ ಸೊಳ್ಳೆ ನಿಯಂತ್ರಣದ ಪ್ರಯೋಗ ಫಲ ಕೊಡಲಿಲ್ಲ ಅಂತ ವರದಿಯಾದಾಗ, ಬೇಕಾದಷ್ಟು ಖರ್ಚು, ಶ್ರಮ ಹಾಕದೆ ಕೈಚೆಲ್ಲಿದಿರಿ ಅಂತ ರಾಸ್ ಸಿಟ್ಟಾದ. ಸಾಮ್ರಾಜ್ಯದ ಸೇವಕನೇ ಸಾಮ್ರಾಜ್ಯದ ಜಿಪುಣತನದ ಮೇಲೆ ಹರಿಹಾಯ್ದ.

ಮತ್ತೆ ಡ್ರಮ್ಮಿನ ಹತ್ತಿರ

ಈಗ ನಮ್ಮ ರಸ್ತೆಯ ಹೊಗೆಗೆ ಬರೋಣ. ಬೆಂಗಳೂರಿಗೆ ಇವತ್ತಿನ ದೊಡ್ಡ ತಲೆನೋವು ಮಲೇರಿಯಾ ಅಲ್ಲ, ಡೆಂಗಿ. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡದ ನಿಯಮ ತಂದಿತು. ಡೆಂಗಿ ತರುವ ಈಡಿಸ್ ಸೊಳ್ಳೆ ಹೆಚ್ಚಾಗಿ ಹುಟ್ಟೋದು ಚರಂಡಿಯಲ್ಲಲ್ಲ, ಡ್ರಮ್ಮು, ಸಂಪು, ಹೂಕುಂಡದ ತಟ್ಟೆ, ಹಳೇ ಟೈರುಗಳ ನಿಂತ ನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಉಜ್ಜಿದರೆ ಆ ಸರಪಳಿ ತುಂಡಾಗುತ್ತೆ. ಹೊಗೆ ಸಾಯಿಸೋದು ಆ ಹೊತ್ತಲ್ಲಿ ಹಾರಾಡುತ್ತಿರುವ ಸೊಳ್ಳೆಗಳನ್ನು ಮಾತ್ರ. ನೀರಿನೊಳಗಿನ ಮರಿಗೆ ಅದು ತಾಗಲ್ಲ. ಇದು ಆರೋಗ್ಯ ಇಲಾಖೆಯವರಿಗೂ ಗೊತ್ತು. ಆದರೂ ಹೊಗೆಗೇ ಬೇಡಿಕೆ, ಯಾಕಂದ್ರೆ ಹೊಗೆ ಕಣ್ಣಿಗೆ ಕಾಣುತ್ತೆ. ಗಾಳಿಯನ್ನು ಶುದ್ಧ ಮಾಡಿದಂತೆ ಅನ್ನಿಸುತ್ತೆ. 1809ರಲ್ಲಿ ಶ್ರೀರಂಗಪಟ್ಟಣ ಬಿಟ್ಟು ಬಂದವರ ನಂಬಿಕೆ ಇನ್ನೂ ನಮ್ಮೊಳಗೆ ಬಾಡಿಗೆಗಿದೆ.

ಹಾಗಂತ ಡ್ರಮ್ಮು ಇಟ್ಟುಕೊಂಡವರಿಗೆ ಬೈದು ಮುಗಿಸೋದೂ ಸುಲಭದ ದಾರಿ. ದಿನಾ ನಲ್ಲಿಯಲ್ಲಿ ನೀರು ಬರುವ ಮನೆಯಲ್ಲಿ ಯಾರೂ ಡ್ರಮ್ಮು ತುಂಬಿಡಲ್ಲ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಿಗೆ ನೀರು ಕೊಡಲೆಂದು ರೂಪಿಸಿದ ಕಾವೇರಿ 5ನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ 17 ವರ್ಷ. ಅಷ್ಟು ವರ್ಷ ನಗರದ ಈ ಅಂಚುಗಳಲ್ಲಿ ಎಷ್ಟೋ ಮನೆಗಳು ಬೋರ್‌ವೆಲ್, ಟ್ಯಾಂಕರ್ ಮತ್ತು ಡ್ರಮ್ಮಿನ ಮೇಲೆ ಬದುಕಿದವು. ನೀರು ಕೂಡಿಡುವ ಅನಿವಾರ್ಯ ಸೃಷ್ಟಿಸಿ, ಕೂಡಿಟ್ಟ ನೀರಿಗೆ ದಂಡ ಹಾಕೋದು ಅರ್ಧ ವಿಜ್ಞಾನ. ಉಳಿದರ್ಧ ಇರೋದು ಪೈಪಿನಲ್ಲಿ.

ಆದ್ದರಿಂದ ಮುಂದಿನ ಸಲ ನಿಮ್ಮ ಏರಿಯಾದ ಜನಪ್ರತಿನಿಧಿ ಹೊಗೆ ಮೆಷಿನ್ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ಕೇಳಬೇಕಾದ ಪ್ರಶ್ನೆ ಎರಡು. ಈ ರಸ್ತೆಗೆ ವಾರದಲ್ಲಿ ಎಷ್ಟು ದಿನ ನೀರು ಬರುತ್ತೆ? ಮನೆ ಮನೆಗೆ ಬಂದು ಸೊಳ್ಳೆ ಮರಿ ಪರೀಕ್ಷೆ ಕೊನೇ ಸಲ ಮಾಡಿದ್ದು ಯಾವಾಗ? ಉತ್ತರ ಬರೋವರೆಗೆ, ವಾರಕ್ಕೊಮ್ಮೆ ನಮ್ಮ ನಮ್ಮ ಡ್ರಮ್ಮನ್ನು ಮಗುಚಿ ಉಜ್ಜುವುದು ನಮ್ಮ ಕೆಲಸ. 1883ರಲ್ಲಿ ಈ ಊರಲ್ಲಿ ಆಗಿದ್ದೂ ಅದೇ.